ದಾರಿ ಬಲ್ಲ ಮಕ್ಕಳು

ನಮ್ಮ ಊರಿನಲ್ಲಿ ಮನೆಗಳು ಇದ್ದಲ್ಲೇ ಇರುತ್ತವೆ, ಬೀದಿಗಳು ಇರುವುದಿಲ್ಲ. ನಿನ್ನೆ ಹಿಟ್ಟಿನ ಗಿರಣಿಯ ಕಡೆಗೆ ಹೊರಳುತ್ತಿದ್ದ ಓಣಿ ಇವತ್ತು ಬೆಳಿಗ್ಗೆ ಬಾವಿಕಟ್ಟೆಯ ಹಿಂದೆ ಹೋಗಿ ನಿಂತಿರುತ್ತದೆ. ದೊಡ್ಡವರಿಗೆ ಇದರ ತಲೆಬುಡ ತಿಳಿಯುವುದಿಲ್ಲ, ಸಣ್ಣ ಮಕ್ಕಳಿಗೆ ತಿಳಿಯುತ್ತದೆ. ಹಾಗಾಗಿ ಅಂಚೆಯವನ ಹೆಗಲ ಮೇಲೆ ಯಾವಾಗಲೂ ಒಂದು ಮಗು ಕೂತಿರುತ್ತದೆ. ಹೆಣ್ಣು ಕೊಡಲು ಬಂದವರು ಹುಡುಗನ ಕೆಲಸ ಕೇಳುವ ಮೊದಲು ಮನೆಯಲ್ಲಿ ಎಳೆಯ ಮಕ್ಕಳು ಇದ್ದಾರೆಯೇ ಎಂದು ಕೇಳುತ್ತಾರೆ. ಮಕ್ಕಳಿಲ್ಲದವರು ಪಕ್ಕದ ಮನೆಯ ಮಗುವಿನ ಕೈಗೆ ಕೊಬ್ಬರಿ ಬೆಲ್ಲ ಕೊಟ್ಟು ಕರೆದುಕೊಂಡು ಹೋಗುತ್ತಾರೆ.

ಅಕ್ಷರ ಕೂಡಿಸಿ ಒಂದು ಪದ ಓದಿದ ಗಳಿಗೆಯಿಂದ ಮಗುವಿಗೆ ದಾರಿ ಕಾಣುವುದು ನಿಂತುಹೋಗುತ್ತದೆ. ಸಾಮಾನ್ಯವಾಗಿ ಒಂದನೇ ತರಗತಿಯಲ್ಲಿ, ದೀಪಾವಳಿ ಕಳೆದ ಮೇಲೆ. ಆ ದಿನ ಮನೆಯವರು ಪಾಯಸ ಮಾಡುತ್ತಾರೆ, ಮಗು ಸ್ವಲ್ಪ ಅಳುತ್ತದೆ. ಹಾಲುಹಲ್ಲು ಬಿದ್ದಂತೆ ಎಂದುಕೊಂಡು ನಾವು ಯಾರೂ ಅದರ ಬಗ್ಗೆ ಹೆಚ್ಚು ಮಾತಾಡುವವರಲ್ಲ.

ನಾನು ಚಂದ್ರಮತಿ, ಇಲ್ಲಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಮೂವತ್ತೊಂದು ವರ್ಷ ಏಳನೇ ತರಗತಿಗೆ ಗಣಿತ ಹೇಳಿಕೊಟ್ಟವಳು. ಮದುವೆಯಾಗಲಿಲ್ಲ. ಶಾಲೆಯ ಕಾಂಪೌಂಡಿನ ಒಳಗೇ ಇರುವ ಎರಡು ಕೋಣೆಯ ಮನೆಯಲ್ಲಿ ಇದ್ದುದರಿಂದ ಯಾವ ಮಗುವಿನ ಬೆರಳನ್ನೂ ಹಿಡಿಯದೆ ದಿನ ಕಳೆಯಲು ನನಗೆ ಸಾಧ್ಯವಿತ್ತು. ಅದೇ ಕಾಂಪೌಂಡಿನ ಮೂಲೆಯಲ್ಲಿ, ನೇರಳೆ ಮರದ ಆಚೆಗೆ ಬಾಲವಾಡಿ ಇತ್ತು. ನನ್ನ ಕೋಣೆಯಿಂದ ಅಲ್ಲಿಗೆ ನಲವತ್ತು ಹೆಜ್ಜೆ. ಮುಖ್ಯೋಪಾಧ್ಯಾಯಿನಿಯಾದ ಹನ್ನೊಂದು ವರ್ಷದಲ್ಲಿ ಅದರ ಹೊಸಿಲು ದಾಟಿದ್ದು ಎರಡೇ ಸಲ. ಒಮ್ಮೆ ಧ್ವಜ ಹಾರಿಸುವ ದಿನ, ಇನ್ನೊಮ್ಮೆ ಹಾವು ಬಂದಾಗ.

ಹೋದ ವರ್ಷ ಮೇಲಿನಿಂದ ಆದೇಶ ಬಂತು. ಮೂರರಿಂದ ಆರು ವರ್ಷದ ಮಕ್ಕಳ ಬಾಲವಾಡಿಗಳು ಇನ್ನು ಶಾಲೆಗೆ ಸೇರಿದವು, ಅವುಗಳ ಹೊಣೆ ಮುಖ್ಯೋಪಾಧ್ಯಾಯರದು, ಅದಕ್ಕಾಗಿ ಅವರಿಗೆ ಆರು ಶನಿವಾರ ತರಬೇತಿ ಎಂದು. ಊರಿನ ಒಂಬತ್ತು ಶಾಲೆಗಳ ಮುಖ್ಯಸ್ಥರಿಗೂ ನಮ್ಮ ಶಾಲೆಯ ಹಾಲಿನಲ್ಲೇ ತರಬೇತಿ ಏರ್ಪಾಡಾಯಿತು. ಉಳಿದ ಎಂಟು ಮಂದಿ ಮಕ್ಕಳ ಬೆರಳು ಹಿಡಿದು ಬಂದರು. ಆ ಎಂಟು ಮಕ್ಕಳು ಜಗಲಿಯ ಮೇಲೆ ಆಡಿಕೊಂಡಿದ್ದರು. ತರಬೇತಿ ಕೊಡಲು ಬಂದಿದ್ದ ವಾರಿಜಾ ಎಂಬಾಕೆ ನಮ್ಮನ್ನು ಬಿಟ್ಟು ಅವರನ್ನೇ ನೋಡುತ್ತಾ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಗಿಡ್ಡನೆಯ ಹೆಂಗಸು, ಕೈಗೆ ಗಂಡಸರ ಗಡಿಯಾರ. ಇಪ್ಪತ್ತೈದು ವರ್ಷ ಬಾಲವಾಡಿ ನಡೆಸಿದ್ದವರಂತೆ.

ಮೊದಲ ದಿನ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ ಕೈಗೊಂದು ಉಂಡೆ ಜೇಡಿಮಣ್ಣು ಕೊಟ್ಟರು. ಕೋಟೆ ಶಾಲೆಯ ಬಸವಲಿಂಗಯ್ಯನವರು ಮಂಡಿ ಹಿಡಿದುಕೊಂಡು ಕೂತರು. ನಾನು ಮಣ್ಣನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಚೀಲದಿಂದ ಏಳನೆಯವರ ಉತ್ತರಪತ್ರಿಕೆ ತೆಗೆದು ಮಡಿಲಲ್ಲಿ ತಿದ್ದತೊಡಗಿದೆ. ವಾರಿಜಾ ಅವರು ಅದನ್ನು ನೋಡಿದರು. ಕೊನೆಯಲ್ಲಿ ಎಲ್ಲರಿಗೂ ಒಂದು ಕೆಲಸ ಹೇಳಿದರು.

"ವಾರಕ್ಕೊಂದು ಗಂಟೆ ಬಾಲವಾಡಿಯಲ್ಲಿ ಕೂತು ಒಂದೇ ಒಂದು ಮಗುನ ನೋಡಿ. ಬಾಯಿ ಬಿಡಬೇಡಿ, ಏನೂ ಕಲಿಸೋಕೆ ಹೋಗಬೇಡಿ. ನೋಡಿದ್ದನ್ನ ಬರ್ಕೊಂಡು ಬನ್ನಿ."

"ಏನನ್ನ ನೋಡಬೇಕು ಮೇಡಂ?" ಎಂದರು ಬಸವಲಿಂಗಯ್ಯ.

"ಅದು ಮೊದಲೇ ಗೊತ್ತಿದ್ರೆ ನೋಡೋದು ಯಾಕೆ ಸಾರ್?"

ನಾನು ಹೋಗಲಿಲ್ಲ. ಶುಕ್ರವಾರ ಸಂಜೆ ನನ್ನ ಕೋಣೆಯಲ್ಲೇ ಕೂತು ಬರೆದೆ. 'ಮಗುವು ಮಣ್ಣಿನಲ್ಲಿ ಆಟವಾಡಿತು. ಬಹಳ ಸಂತೋಷವಾಗಿತ್ತು.' ಮರುದಿನ ವಾರಿಜಾ ಅವರು ಆ ಹಾಳೆಯ ಕೆಳಗೆ ಒಂದೇ ಪ್ರಶ್ನೆ ಬರೆದು ವಾಪಸು ಕೊಟ್ಟರು. 'ಯಾವ ಕೈಯಿಂದ?' ನನಗೆ ಸಿಟ್ಟು ಬಂತು. ಇಂಥ ಚಿಲ್ಲರೆ ವಿಷಯಕ್ಕೆ ಆರು ಶನಿವಾರ ಹಾಳು ಮಾಡುತ್ತಿದ್ದಾರಲ್ಲ ಎನಿಸಿತು.

ನನ್ನ ಲೆಕ್ಕಾಚಾರವೇ ಬೇರೆ ಇತ್ತು. ಒಂದನೇ ತರಗತಿಗೆ ಬರುವ ಮಕ್ಕಳು ಸೀಮೆಸುಣ್ಣ ಹಿಡಿಯಲು ಕಲಿಯುವುದರಲ್ಲೇ ಅರ್ಧ ವರ್ಷ ಹೋಗುತ್ತದೆ. ಆ ಹಿಂದುಳಿಯುವಿಕೆ ಏಳನೆಯವರೆಗೂ ಅವರ ಬೆನ್ನು ಬಿಡುವುದಿಲ್ಲ ಎಂಬುದನ್ನು ನಾನು ಮೂವತ್ತು ವರ್ಷ ಕಣ್ಣಾರೆ ಕಂಡಿದ್ದೆ. ಬಾಲವಾಡಿ ಈಗ ನನ್ನ ಕೈಗೆ ಬಂದಿದೆ. ನಾಲ್ಕು ವರ್ಷಕ್ಕೇ ಅಕ್ಷರ ಹಾಕಿಸಿದರೆ ಮುಂದೆ ಎಷ್ಟು ಸುಲಭ! ಬರೀ ಅಕ್ಷರ ಗುರುತಿಸಿದರೆ ದಾರಿ ಹೋಗುವುದಿಲ್ಲ, ಕೂಡಿಸಿ ಓದಿದರೆ ತಾನೇ? ಕೂಡಿಸಲು ಕಲಿಸದಿದ್ದರಾಯಿತು ಎಂದುಕೊಂಡೆ.

ಬಾಲವಾಡಿಯ ಟೀಚರ್ ಜುಲೇಖಾಗೆ ಇದು ಹಿಡಿಸಲಿಲ್ಲ. ಆಕೆ ನನ್ನೆದುರು ಕುರ್ಚಿಯ ಮೇಲೆ ಕೂರುತ್ತಲೂ ಇರಲಿಲ್ಲ, ಯಾವತ್ತೂ ಎದುರು ಮಾತಾಡಿದವಳೂ ಅಲ್ಲ. ಅವತ್ತು ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದಳು.

"ಬೇಡ ಮೇಡಂ. ಮಕ್ಕಳು ನಾವು ನಿಲ್ಲಿಸಿದ ಕಡೆ ನಿಲ್ಲಲ್ಲ. ನೀವು ಬಿಡಿ ಬಿಡಿಯಾಗಿ ಕೊಟ್ರೂ ಅವು ಕೂಡಿಸ್ಕೋತವೆ."

"ಅಷ್ಟು ಚುರುಕಾಗಿದ್ರೆ ಒಳ್ಳೇದೇ ಅಲ್ವಾ ಜುಲೇಖಾ?"

"ಚುರುಕಾಗಿರೋದೇ ಭಯ ಮೇಡಂ" ಎಂದು ಆಕೆ ಹೋದಳು.

ದಿನಾ ಮೂರು ಗಂಟೆಗೆ ಐದು ಮಕ್ಕಳನ್ನು ನನ್ನ ಕೋಣೆಗೆ ಕರೆಸಿಕೊಳ್ಳತೊಡಗಿದೆ. ಅವರಲ್ಲಿ ಬೆಳ್ಳಿ ಎಂಬವಳು ನಾಲ್ಕೂವರೆ ವರ್ಷದವಳು. ಅವಳ ತಾಯಿ ದೇವೀರಮ್ಮ ಊರಿನ ಆರೋಗ್ಯ ಕೇಂದ್ರದ ನರ್ಸು. ಎಲ್ಲರೂ ಸಿಸ್ಟರ್ ಎಂದೇ ಕರೆಯುವುದು. ಯಾವ ಮನೆಯಲ್ಲಿ ಹೆರಿಗೆಯಿದ್ದರೂ ಬೆಳ್ಳಿಯ ಬೆರಳು ಹಿಡಿದು ಸಿಸ್ಟರ್ ಹೋಗುತ್ತಿದ್ದರು. ಬೆಳ್ಳಿ ಅಲ್ಲಿ ಹಜಾರದಲ್ಲಿ ಆಡಿಕೊಂಡಿದ್ದು, ಹುಟ್ಟಿದ ಪಾಪುವನ್ನು ನೋಡಿಕೊಂಡು, ತಾಯಿಯನ್ನು ವಾಪಸು ಕರೆದುಕೊಂಡು ಬರುತ್ತಿದ್ದಳು. ಅಕ್ಷರಗಳನ್ನು ಅವಳು ತಿಂಡಿಯಂತೆ ತಿಂದಳು. ರ, ಗ, ಸ, ದ, ಅ. ಮೂರೇ ದಿನ. ನಾನು ಬೋರ್ಡಿನ ಮೇಲೆ ದೂರ ದೂರ ಬರೆಯುತ್ತಿದ್ದೆ. ಒಂದು ಮಂಗಳವಾರ ಅವಸರದಲ್ಲಿ ಸ ಮತ್ತು ರ ಅಕ್ಕಪಕ್ಕ ಬಿದ್ದವು. ಬೆಳ್ಳಿ ಎದ್ದು ಬಂದು ಎರಡರ ಮೇಲೂ ಬೆರಳಿಟ್ಟಳು.

"ಸ... ರ. ಸರ. ದೊಡ್ಡ ಮಿಸ್, ಸರ! ನಮ್ಮಮ್ಮನ ಸರ!"

ಅವಳು ಚಪ್ಪಾಳೆ ತಟ್ಟಿ ನಕ್ಕಳು. ಸುಳ್ಳೇಕೆ, ಮೊದಲು ನನಗೂ ಹಿಗ್ಗೇ ಆಯಿತು. ನನ್ನಿಂದ ಓದಲು ಕಲಿತ ಅತಿ ಸಣ್ಣ ಮಗು ಅವಳು. ಆಮೇಲೆ ನಡೆದದ್ದೇನೆಂದು ಹೊಳೆಯಿತು. ಬೋರ್ಡು ಒರೆಸಿ ಮಕ್ಕಳನ್ನು ಕಳಿಸಿಬಿಟ್ಟೆ. ಎರಡಕ್ಷರದ ಪದ ತಾನೇ, ಆಕಸ್ಮಿಕವಾಗಿ ಬಾಯಿಗೆ ಬಂದದ್ದು, ಇಷ್ಟಕ್ಕೆಲ್ಲ ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಜುಲೇಖಾ ತನ್ನ ಅಣ್ಣನ ಮಗುವಿನ ಜೊತೆಗೆ ಬೆಳ್ಳಿಯನ್ನೂ ಮನೆಗೆ ಬಿಡಲು ಹೊರಟಾಗ ನಾನು ಕಿಟಕಿಯಲ್ಲೇ ನಿಂತಿದ್ದೆ. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

ಮರುದಿನ ಹನ್ನೊಂದು ಗಂಟೆಯ ಹೊತ್ತಿಗೆ ಗೇಟಿನ ಬಳಿ ಅಳು ಕೇಳಿಸಿತು. ಸಿಸ್ಟರ್ ಚೀಲ ಹಿಡಿದು ನಿಂತಿದ್ದರು, ಮುಖವೆಲ್ಲ ಬೆವರು. ಬೆಳ್ಳಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದಳು.

"ಮೇಡಂ, ಮೂರನೇ ಸಲ ನಿಮ್ಮ ಗೇಟಿಗೇ ಬಂದು ನಿಂತಿದೀವಿ. ಗಿರಣಿ ಹಿಂದಿನ ಮಾದೇವಿಗೆ ಬೆಳಗ್ಗೆಯಿಂದ ನೋವು. ಹಿಂದಿನ ಹೆರಿಗೇಲಿ ಅವಳಿಗೆ ರಕ್ತ ಹೋಗಿದ್ದು ಅಷ್ಟಿಷ್ಟಲ್ಲ. ಈ ಮಗು ಏನಾಯ್ತೋ, ಹೋಗ್ತಾಳೆ, ನಿಲ್ತಾಳೆ, ಅಳ್ತಾಳೆ. ಜ್ವರಾನೂ ಇಲ್ಲ."

ಜುಲೇಖಾ ಹೊರಗೆ ಬಂದಿದ್ದಳು. ಅವಳು ನನ್ನ ಮುಖ ನೋಡಿದಳು. ಇನ್ನು ಮುಚ್ಚಿಡುವಂತಿರಲಿಲ್ಲ.

"ಅವಳು ಓದಿಬಿಟ್ಟಳು ಸಿಸ್ಟರ್" ಎಂದೆ. "ನನ್ನ ಕೋಣೇಲಿ. ನಿನ್ನೆ ಮೂರು ಗಂಟೆಗೆ."

ಸಿಸ್ಟರ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವರು ಕೂಗಾಡಲಿಲ್ಲ. "ನಿನ್ನೇನೇ ಹೇಳಿದ್ದಿದ್ರೆ ಪಕ್ಕದ ಮನೆ ಪಾಪುನ ಕರ್ಕೊಂಡು ಹೊರಡ್ತಿದ್ದೆ ಮೇಡಂ. ಎರಡು ಗಂಟೆ ಹೊತ್ತು ಸುತ್ತಿದೀನಿ" ಎಂದರು. ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಜುಲೇಖಾ ಆಗಲೇ ಒಳಗೆ ಹೋಗಿ ಮುತ್ತು ಎಂಬ ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬಂದಳು. ಮಾದೇವಿಯ ಪಕ್ಕದ ಮನೆಯವನು. "ನಾನು ಬರೋಕಾಗಲ್ಲ, ಒಳಗೆ ಇನ್ನೂ ಹದಿನೈದು ಮಕ್ಕಳಿದಾವೆ. ನೀವೇ ಹೋಗಿ ಮೇಡಂ. ಸಿಸ್ಟರ್ ಬೆಳ್ಳೀನ ಎತ್ಕೊಳ್ಳಲಿ." ಮುತ್ತುವಿನ ಬೆರಳನ್ನು ನನ್ನ ಕೈಗಿಟ್ಟು ಹೇಳಿದಳು. "ಎಳೀಬೇಡಿ. ಯಾವ ಕಡೆ ಅಂತ ಕೇಳಬೇಡಿ. ಅವನು ನಿಂತ್ರೆ ನೀವೂ ನಿಲ್ಲಿ."

ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ನಾನು ಒಂದು ಮಗುವಿನ ಹಿಂದೆ ನಡೆದೆ. ಅವನು ಆನೆಯ ಹಾಗೆ ನಿಧಾನ. ಒಂದು ಕಡೆ ನಲ್ಲಿ ಸೋರುತ್ತಿತ್ತು, ಅದಕ್ಕೆ ಎಲೆ ಅಡ್ಡವಿಟ್ಟು ನೋಡಿದ. ಒಂದು ಕಡೆ ಇರುವೆ ಸಾಲು ದಾಟುವವರೆಗೂ ಕಾದ. ಚಪ್ಪಲಿಯೊಳಗಿನ ಕಲ್ಲು ತೆಗೆಯಲು ಕೂತ. ನನ್ನ ಹಿಂದೆ ಸಿಸ್ಟರ್ ಬೆಳ್ಳಿಯನ್ನು ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತಾ ಕಾಲು ಬದಲಿಸುವುದು ನನಗೆ ಕೇಳಿಸುತ್ತಿತ್ತು. ಮಾದೇವಿ ಯಾವ ಸ್ಥಿತಿಯಲ್ಲಿದ್ದಾಳೋ. ನಾಲ್ಕು ಓಣಿ ಕೂಡುವ ಜಾಗದಲ್ಲಿ ಅವನು ಒಂದು ಮೇಕೆಮರಿಯ ಕಿವಿ ಹಿಡಿದು ನಿಂತಾಗ ನನಗೆ ತಡೆಯಲಾಗಲಿಲ್ಲ. "ಬಾರೋ ಬೇಗ" ಎಂದು ಕೈ ಜಗ್ಗಿದೆ.

ಮುತ್ತು ನನ್ನನ್ನು ತಲೆಯೆತ್ತಿ ನೋಡಿದ. ತುಟಿ ನಡುಗಿತು. ನಾನು ಎಳೆದ ಕಡೆಗೆ ಹೆಜ್ಜೆಯಿಟ್ಟರೆ ಆ ಓಣಿಯ ತುದಿಯಲ್ಲಿ ಗೋಡೆಯೊಂದೇ ಇತ್ತು.

"ಮೇಡಂ, ಬಿಡಿ ಅವನನ್ನ" ಎಂದರು ಸಿಸ್ಟರ್, ಅಳು ತಡೆದುಕೊಂಡು.

ನಾನು ಅಲ್ಲೇ ಧೂಳಿನಲ್ಲಿ ಕೂತುಬಿಟ್ಟೆ. ಸೀರೆ, ಮಂಡಿ, ಗೌರವ ಯಾವುದರ ಕಡೆಗೂ ಗಮನ ಹೋಗಲಿಲ್ಲ. ಬಾಯಿ ಮುಚ್ಚಿಕೊಂಡು ಅವನನ್ನು ನೋಡಿದೆ, ಮಾಡಲು ಬೇರೇನೂ ಇರಲಿಲ್ಲವಲ್ಲ. ಆಗ ಕಂಡಿತು. ಅವನು ಸುಮ್ಮನೆ ನಿಲ್ಲುತ್ತಿರಲಿಲ್ಲ. ಬಲಗೈಯಲ್ಲಿ ಏನೇ ಆಟವಾಡುತ್ತಿದ್ದರೂ ಎಡಗೈ ಗೋಡೆಯನ್ನೋ ನೆಲವನ್ನೋ ಸವರುತ್ತಿತ್ತು, ನಾವು ನಿದ್ದೆಯಲ್ಲಿರುವ ದನದ ಮೈ ಸವರುವ ಹಾಗೆ. ಸ್ವಲ್ಪ ಹೊತ್ತು ಸವರಿದ. ಆಮೇಲೆ ಎದ್ದು ನನ್ನ ಮೂಗು ಮುಟ್ಟಿ, "ಏಳು" ಎಂದ. ಗೋಡೆಯ ಪಕ್ಕದಲ್ಲಿ ನಮಗೆ ಯಾರಿಗೂ ಕಾಣದಿದ್ದ ಸಂದಿಯೊಂದಿತ್ತು. ಅದರೊಳಗೆ ಹೊಕ್ಕು ಹೊರಬಿದ್ದರೆ ಮಾದೇವಿಯ ಮನೆಯ ಹಿತ್ತಲು.

ಮಗು ಆಗಲೇ ಹುಟ್ಟಿತ್ತು. ಪಕ್ಕದ ಮನೆಯ ಮುದುಕಿ ಹೊಕ್ಕುಳಬಳ್ಳಿ ಕಟ್ಟಿ ಮಗುವನ್ನು ಬಟ್ಟೆಯಲ್ಲಿ ಸುತ್ತಿದ್ದಳು. ಮಾದೇವಿ ಮಾತ್ರ ಬಿಳಿಚಿಕೊಂಡು ಮಲಗಿದ್ದಳು, ಚಾಪೆ ಒದ್ದೆಯಾಗಿತ್ತು. ಸಿಸ್ಟರ್ ಬೆಳ್ಳಿಯನ್ನು ಇಳಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಆ ಬಾಗಿಲು ತೆಗೆದಾಗ ಮಧ್ಯಾಹ್ನ ಒಂದೂವರೆಯಾಗಿತ್ತು. ತೋಳಿನವರೆಗೂ ರಕ್ತ. "ನಿಂತಿದೆ" ಎಂದು ಒಂದೇ ಮಾತು ಹೇಳಿ ಗೋಡೆಗೆ ಒರಗಿದರು. ಮಾದೇವಿ ಬದುಕಿದಳು. ಎದ್ದು ಓಡಾಡಲು ಅವಳಿಗೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಎಷ್ಟು ನನ್ನ ಪಾಲಿನದು ಎಂದು ಯಾರೂ ನನಗೆ ಹೇಳಲಿಲ್ಲ.

ಬಾಗಿಲು ಮುಚ್ಚಿದ್ದ ಹೊತ್ತಿನಲ್ಲಿ ನಾನು ಇಬ್ಬರು ಮಕ್ಕಳ ಜೊತೆ ಹಿತ್ತಲ ಕಲ್ಲಿನ ಮೇಲೆ ಕೂತಿದ್ದೆ. ಬೆಳ್ಳಿ ಮುತ್ತುವನ್ನು ಕೇಳಿದಳು. "ನಮ್ಮನೆ ಯಾವ ಕಡೆ?" ಅವನು ಬೇಲಿಯ ಕಡೆ ಕೈ ತೋರಿಸಿದ. ಬೆಳ್ಳಿ ಆ ಕಡೆಗೇ ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ ನೋಡಿದಳು. ಅವಳ ಕಣ್ಣು ಎದುರಿಸಲಾಗದೆ ನಾನು ಹಿತ್ತಲಲ್ಲಿ ಕಟ್ಟಿದ್ದ ಮೇಕೆಗೆ ಸೊಪ್ಪು ಹಾಕಲು ಎದ್ದೆ.

ಆ ಶನಿವಾರ ತರಬೇತಿಯಲ್ಲಿ ನಾನು ನಾಲ್ಕು ಪುಟ ಓದಿದೆ. ಮುತ್ತು ನಿಂತ ಹನ್ನೊಂದು ಕಡೆ, ಅವನ ಎಡಗೈ, ಬಲಗೈ. ಬೆಳ್ಳಿ ಓದಿದ್ದು, ನಾನು ಮುಚ್ಚಿಟ್ಟದ್ದು. ಹಿಂದಿನ ವಾರಗಳಲ್ಲಿ ಬರೆದದ್ದೆಲ್ಲ ಸುಳ್ಳು ಎಂಬುದನ್ನೂ ಓದಿದೆ. ಬಸವಲಿಂಗಯ್ಯನವರು ಕೈಯಲ್ಲಿದ್ದ ಹಾಳೆ ಮಡಚಿ ಹೇಳಿದರು.

"ನಮ್ಮಲ್ಲೂ ಇಬ್ಬರಿಗೆ ಶುರು ಮಾಡಿದ್ದೆ ಮೇಡಂ. ಚೂಟಿ ಮಕ್ಕಳು. ಸೋಮವಾರದಿಂದ ನಿಲ್ಲಿಸ್ತೀನಿ."

"ಅಕ್ಷರಾನೇ ಬೇಡ ಅಂತೀರಾ ಹಾಗಾದ್ರೆ?" ಎಂದು ಇನ್ನೊಬ್ಬರು ವಾರಿಜಾ ಅವರನ್ನು ಕೇಳಿದರು.

"ಬೇಕು. ಬಂದೇ ಬರುತ್ತೆ, ಅದರ ಹೊತ್ತಿಗೆ. ಅಲ್ಲೀತನಕ ಅವರಿಗೆ ಮಾಡೋಕೆ ಬೇರೆ ಕೆಲಸ ಇದೆ, ಅದು ನಮಗೆ ಕಾಣ್ತಿಲ್ಲ ಅಷ್ಟೆ. ಮುಖ್ಯೋಪಾಧ್ಯಾಯರು ಅದನ್ನ ಕಾಯಬೇಕು. ಬಾಲವಾಡಿಗೆ ಬೇಕಾದ ಜಾಗ, ಟೀಚರ್‌ಗೆ ಬೇಕಾದ ಧೈರ್ಯ, ಇಷ್ಟು ಕೊಟ್ರೆ ಸಾಕು." ಆಮೇಲೆ ನನ್ನ ಪಕ್ಕ ಬಂದು ನೆಲದ ಮೇಲೆ ಕೂತು ಮೆಲ್ಲಗೆ ಕೇಳಿದರು. "ಅವಳಿಗೆ ಹೇಳಿದ್ರಾ?"

"ಸಿಸ್ಟರ್‌ಗೆ ಹೇಳಿದೀನಿ."

"ಅಲ್ಲ. ಬೆಳ್ಳಿಗೆ."

ಹೇಳಿರಲಿಲ್ಲ. ನಾಲ್ಕೂವರೆ ವರ್ಷದವಳಿಗೆ ಹೇಳಬೇಕಾದದ್ದು ಏನಾದರೂ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಬೆಳ್ಳಿ ಅವತ್ತಿನಿಂದ ಬಾಲವಾಡಿಗೆ ಬರುವುದನ್ನು ಬಿಟ್ಟಿದ್ದಳು. ಸೋಮವಾರ ಬೆಳಿಗ್ಗೆ ಏಳನೆಯವರ ಗಣಿತವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಮುತ್ತುವಿನ ಬೆರಳು ಹಿಡಿದು ಅವಳ ಮನೆಗೆ ಹೋದೆ. ಜಗ್ಗಲಿಲ್ಲ. ಸಿಸ್ಟರ್ ಮಾದೇವಿಯನ್ನು ನೋಡಲು ಹೊರಟಿದ್ದರು, ಮುತ್ತು ಬಂದದ್ದು ಅವರಿಗೂ ಅನುಕೂಲವಾಯಿತು. ಬೆಳ್ಳಿ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತೆ.

"ಮಕ್ಕಳೆಲ್ಲ ಕಾಯ್ತಿದಾರೆ. ಬರಲ್ವಾ?"

"ಊಹೂಂ. ನಂಗೆ ದಾರಿ ಬರಲ್ಲ. ಎಲ್ಲಾರ್ಗೂ ಬರುತ್ತೆ."

"ನಂಗೂ ಬರಲ್ಲ."

"ನೀವು ದೊಡ್ಡೋರು." ಅವಳು ಬೆರಳಿನಿಂದ ಕಲ್ಲು ಕೆರೆದಳು. "ಮತ್ತೆ ಬರುತ್ತಾ ಅದು?"

"ಇಲ್ಲ ಪುಟ್ಟಿ."

"ನೀವು ತಗೊಂಡ್ರಾ?"

"ಹೌದು. ನಾನೇ. ತಗೋಬಾರದಿತ್ತು, ನಂಗೆ ಬುದ್ಧಿ ಇರಲಿಲ್ಲ. ತಪ್ಪಾಯ್ತು."

ಅವಳು ಕಲ್ಲು ಕೆರೆಯುವುದನ್ನು ನಿಲ್ಲಿಸಿದಳು. ನಾನು ಯಾರಿಗೂ ಹೇಳದೆ ಇದ್ದ ಒಂದು ಮಾತನ್ನು ಅವಳಿಗೆ ಹೇಳಿದೆ. ನನಗೂ ಒಂದು ಕಾಲದಲ್ಲಿ ದಾರಿ ಗೊತ್ತಿತ್ತು, ನಮ್ಮಪ್ಪನನ್ನು ಮಗ್ಗದ ಮನೆಗೆ ನಾನೇ ಬಿಟ್ಟು ಬರುತ್ತಿದ್ದೆ, ಅದು ಹೋದ ದಿನ ಮನೆಯವರು ಪಾಯಸ ಕೊಟ್ಟರು, ನಾನು ಬಟ್ಟಲು ಹಿಡಿದು ಬಾಗಿಲ ಹಿಂದೆ ನಿಂತು ಅತ್ತೆ, ಏನಾಯಿತು ಎಂದು ಯಾರೂ ಕೇಳಲಿಲ್ಲ ಎಂದು.

"ಪಾಯಸ ತಿಂದ್ರಾ?"

"ತಿಂದೆ."

"ನಮ್ಮಮ್ಮ ಮಾಡೇ ಇಲ್ಲ" ಎಂದಳು ಬೆಳ್ಳಿ. ಆಮೇಲೆ ಎದ್ದು ಚಪ್ಪಲಿ ಹುಡುಕಿದಳು.

ಸಿಸ್ಟರ್ ಮುತ್ತುವಿನ ಜೊತೆ ಹೊರಡುತ್ತಾ, "ಪಕ್ಕದ ಮನೆ ಪಾಪುನ ಕರೀಲಾ ಮೇಡಂ, ನಿಮ್ಮಿಬ್ಬರಿಗೆ?" ಎಂದು ಕೇಳಿದರು. ಬೆಳ್ಳಿ ನೆಲ ನೋಡುತ್ತಿದ್ದಳು. ತನಗಿಂತ ಸಣ್ಣ ಮಗುವಿನ ಹಿಂದೆ ಕುರುಡಿಯ ಹಾಗೆ ನಡೆದು ಆ ಹದಿನಾರು ಮಕ್ಕಳ ಎದುರು ಹೋಗಿ ನಿಲ್ಲುವುದು ಅವಳಿಗೆ ಹೇಗನಿಸಬಹುದು ಎಂದು ಯೋಚಿಸಿದೆ. "ಬೇಡ ಸಿಸ್ಟರ್, ನಾವೇ ಹೋಗ್ತೀವಿ" ಎಂದೆ.

ನಾವು ಹೋಗಬಾರದ ಕಡೆಗೆಲ್ಲ ಹೋದೆವು. ಕುಂಬಾರರ ಮಡಕೆ ಸುಡುವ ಆವಿಗೆಯ ಹತ್ತಿರ ಎರಡು ಸಲ ಬಂದೆವು. ಎರಡನೇ ಸಲ ಅವರು ಬೆಳ್ಳಿಗೆ ಒಂದು ಹಸಿ ಮಡಕೆಯ ಮೇಲೆ ಗೆರೆ ಎಳೆಯಲು ಬಿಟ್ಟರು. ಯಾರದೋ ಹಿತ್ತಲಿನಲ್ಲಿ ಹೊಕ್ಕು ಬೈಸಿಕೊಂಡೆವು. ಬೈದಾಕೆಯೇ ಸೌತೆಕಾಯಿ ಹೆಚ್ಚಿ ಉಪ್ಪು ಖಾರ ಹಚ್ಚಿ ಕೊಟ್ಟಳು. ಒಂದು ಕಡೆ ಬೆಳ್ಳಿ ಹೆದರಿ ಅತ್ತಳು, ನಾನು ಸುಮ್ಮನಿರಿಸದೆ ಅಳು ಮುಗಿಯುವವರೆಗೂ ಪಕ್ಕದಲ್ಲಿ ಕೂತಿದ್ದೆ. ಅವಳು ನಿಂತಲ್ಲೆಲ್ಲ ನಿಂತೆ. ಎಮ್ಮೆ ಮೈ ತೊಳೆಯುವುದನ್ನು ನೋಡಿದೆವು. ನಾನು ಹುಟ್ಟಿದ ಊರಿನಲ್ಲಿ ನನಗೆ ಗೊತ್ತೇ ಇಲ್ಲದ ಒಂದು ಸಣ್ಣ ಕೊಳವಿತ್ತು, ಅದರ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂತೆವು. ಶಾಲೆಯ ಗೇಟು ಎದುರಾದಾಗ ಮಧ್ಯಾಹ್ನ ಎರಡಾಗಿತ್ತು. ನಮ್ಮ ಕಾಲೆಲ್ಲ ಕೆಸರು.

ಮಕ್ಕಳು ನೇರಳೆ ಮರದ ಕೆಳಗೆ ಇದ್ದರು. ಬೆಳ್ಳಿಯನ್ನು ಕಂಡು ಎಲ್ಲರೂ ಓಡಿ ಬಂದರು. ಮುತ್ತು ಆಗಲೇ ವಾಪಸು ಬಂದಿದ್ದ. "ಇಷ್ಟೊತ್ತು ಎಲ್ಲಿದ್ರಿ ಮೇಡಂ?" ಎಂದು ಜುಲೇಖಾ ಗಾಬರಿಯಿಂದ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಬೆಳ್ಳಿ ಹೇಳಿದಳು.

"ನಾವು ಕಳೆದುಹೋಗಿದ್ವಿ!"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಯಾರೂ ಹುಟ್ಟಿದಂದಿನಿಂದ ಒಮ್ಮೆಯೂ ಕಳೆದುಹೋದವರಲ್ಲ.

"ಕಳೆದುಹೋಗೋದು ಅಂದ್ರೆ ಏನು?" ಎಂದ ಮುತ್ತು.

ಬೆಳ್ಳಿ ಮರದ ಬುಡದಲ್ಲಿ ಕೂತು ಕೆಸರು ಕಾಲನ್ನು ಮುಂದೆ ಚಾಚಿದಳು. ಹದಿನಾರು ಮಕ್ಕಳು ಅವಳ ಸುತ್ತ ಕೂತರು. ಜಾಗ ಮಾಡಿಕೊಂಡು ನಾನೂ ಕೂತೆ.

"ಮೊದಲು ಏನಾಗುತ್ತೆ ಅಂದ್ರೆ..." ಎಂದು ಅವಳು ಶುರು ಮಾಡಿದಳು.